ಮಗುವನ್ನು ಕರೆದುಕೊಂಡು ಹೋದರು ಅಂದಾಗ ತಾಯಿ ಎಲ್ಲಿಗೆ ಹೋಗಬೇಕು?

(ಮೈಸೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆ ಅಂದ್ರೆ ಉಳಿತಾಯ, ಸಾಲ, ಕಂತು ಇಷ್ಟೇ ಮಾತಾಡ್ತೀವಿ. ಇವತ್ತು ಬೇರೆ ವಿಷಯ. "ಯಾರೋ ಸಮಾಜ ಕಾರ್ಯಕರ್ತೆಯರಂತೆ. ಬಂದ್ರು, ಮಗುವನ್ನ ಕರ್ಕೊಂಡು ಹೋದ್ರು. ಹೆತ್ತ ತಾಯಿ ನಾನು, ನನ್ನ ಒಂದು ಮಾತು ಕೇಳಲಿಲ್ಲ." ಈ ದೂರು ನಮಗೆ ಹೊಸದಲ್ಲ. ತಾಯಿ ಗಾರೆ ಕೆಲಸಕ್ಕೆ ಹೋಗಿರ್ತಾಳೆ. ಮಗು ಬಸ್ ಸ್ಟ್ಯಾಂಡಿನಲ್ಲಿ ಅಲೆಯುತ್ತಾ ಸಿಕ್ಕಿರುತ್ತೆ, ಇಲ್ಲವೇ ದಸರಾ ಜನಜಂಗುಳಿಯಲ್ಲಿ ಬಲೂನ್ ಮಾರುತ್ತಾ ಸಿಕ್ಕಿರುತ್ತೆ. ತಾಯಿಗೆ ಸುದ್ದಿ ತಿಳಿಯೋದು ಸಂಜೆಗೆ. ಅಳ್ತಾಳೆ, ಶಾಪ ಹಾಕ್ತಾಳೆ, ಬಾಲಮಂದಿರದ ಗೇಟಿನ ಮುಂದೆ ನಿಲ್ತಾಳೆ. ಒಂದು ಅರ್ಜಿ ಮಾತ್ರ ಬರೆದು ಕೊಡೋದಿಲ್ಲ.

ಪಕ್ಕದ ಕೇರಳದ ಒಂದು ಪ್ರಕರಣ ಹೇಳ್ತೀನಿ ಕೇಳಿ. ತಿರುವನಂತಪುರದ ಒಬ್ಬ ಯುವತಿ 2020ರ ಅಕ್ಟೋಬರ್‌ನಲ್ಲಿ ಗಂಡು ಮಗುವಿಗೆ ಜನ್ಮ ಕೊಟ್ಟಳು. ಮದುವೆಯಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಮಗು ಅವಳ ಕೈತಪ್ಪಿತು. ತನ್ನ ಮನೆಯವರೇ ಒಪ್ಪಿಗೆಯಿಲ್ಲದೆ ಮಗುವನ್ನು ಕೊಟ್ಟುಬಿಟ್ಟರು ಅನ್ನೋದು ಅವಳ ದೂರು. ಮಗು ಸೇರಿದ್ದು ಅಲ್ಲಿನ ರಾಜ್ಯ ಶಿಶುಕಲ್ಯಾಣ ಮಂಡಳಿಗೆ. ಅವಳು 2021ರ ಏಪ್ರಿಲ್‌ನಲ್ಲಿ ಪೊಲೀಸರಿಗೆ ದೂರು ಕೊಟ್ಟಳು. ಆ ದೂರು ಇದ್ದಲ್ಲೇ ಇತ್ತು. ಆಗಸ್ಟ್‌ನಲ್ಲಿ ಮಗುವನ್ನು ದತ್ತು ಕೊಡುವ ಉದ್ದೇಶದಿಂದ ಆಂಧ್ರದ ದಂಪತಿಗೆ ಒಪ್ಪಿಸಿದರು. ತಾಯಿ ಬಿಡಲಿಲ್ಲ. ಸೆಕ್ರೆಟರಿಯೇಟ್ ಮುಂದೆ ಕೂತಳು, ಮಂಡಳಿಯ ಕಚೇರಿ ಮುಂದೆ ಕೂತಳು. ಕೊನೆಗೆ ಮಗುವನ್ನು ವಾಪಸ್ ತರಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರು. 2021ರ ನವೆಂಬರ್ 24ರಂದು ಕುಟುಂಬ ನ್ಯಾಯಾಲಯ ಮಗುವನ್ನು ತಾಯಿಯ ಕೈಗೆ ಕೊಟ್ಟಿತು. ಅಷ್ಟು ಹೊತ್ತಿಗೆ ಮಗುವಿಗೆ ಒಂದು ವರ್ಷ ದಾಟಿತ್ತು. ಆಂಧ್ರದ ಆ ದಂಪತಿಯದೇನು ತಪ್ಪು, ಪಾಪ? ಏಪ್ರಿಲ್‌ನಲ್ಲೇ ಯಾರಾದರೂ ಆ ದೂರನ್ನು ಸರಿಯಾಗಿ ಓದಿದ್ದರೆ ಅವರಿಗೂ ಆ ನೋವು ಇರುತ್ತಿರಲಿಲ್ಲ.

ಈಗ ನಮ್ಮ ಊರಿಗೆ ಬರೋಣ. ಸಮಾಜ ಕಾರ್ಯಕರ್ತೆ ಒಬ್ಬಳೇ ನಿಮ್ಮ ಮಗುವಿನ ಬಗ್ಗೆ ತೀರ್ಮಾನ ಮಾಡುವ ಹಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಲೇಬೇಕು, ಪ್ರಯಾಣದ ಸಮಯ ಬಿಟ್ಟು. ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ಕು ಜನ ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಕಾರ್ಯಕರ್ತೆ ಮನೆಗೆ ಬಂದು ನೋಡಿ 15 ದಿನದೊಳಗೆ ವರದಿ ಕೊಡಬೇಕು. ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಮಾಡಬೇಕು. ಆ ವರದಿಗೆ ಬಂದವರನ್ನು ಬೈದು ಕಳಿಸಬೇಡಿ. ನೀವು ಹೇಳದಿದ್ದರೆ ಅಕ್ಕಪಕ್ಕದವರು ಹೇಳಿದ್ದೇ ವರದಿ ಆಗುತ್ತೆ! ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ ಅಂತ ಕಾಯ್ದೆಯಲ್ಲೇ ಇದೆ. ಬರೀ ಬಡತನಕ್ಕೆ ತಾಯಿ ಮಗುವನ್ನು ಬೇರೆ ಮಾಡೋದು ಆ ಮಾತಿಗೆ ವಿರುದ್ಧ ಅಂತಲೇ ನನ್ನ ಅಭಿಪ್ರಾಯ.

ಸಮಿತಿಯ ಆದೇಶ ಒಪ್ಪಿಗೆ ಇಲ್ಲವಾ? 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಸಮಿತಿ ನಡೆದುಕೊಂಡ ರೀತಿಯ ಮೇಲೇ ದೂರು ಇದ್ದರೆ ಜಿಲ್ಲಾಧಿಕಾರಿಗಳಿಗೆ ಕೊಡಬೇಕು. ಅವರು ಎರಡೂ ಕಡೆಯವರ ಮಾತು ಕೇಳಿ ಆದೇಶ ಮಾಡಬೇಕು. ವಕೀಲರಿಗೆ ದುಡ್ಡೆಲ್ಲಿ ಅಂತ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100.

ಒಂದು ಎಚ್ಚರಿಕೆ. ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಮಗುವನ್ನು ನಾನೇ ಒಪ್ಪಿಸಿದೆ ಅಂತ ಬರೆದುಕೊಟ್ಟರೂ ಮನಸ್ಸು ಬದಲಿಸೋಕೆ ಎರಡು ತಿಂಗಳ ಅವಕಾಶ ಇದೆ, ಆಮೇಲೆ ಕಷ್ಟ. ತಂದೆತಾಯಿ ಪತ್ತೆಯಾಗದ ಮಗುವನ್ನೂ ಅಷ್ಟೇ. ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ದತ್ತು ಕೊಡಬಹುದು ಅಂತ ಘೋಷಿಸ್ತಾರೆ.

ಹಾಗಂತ ಇವರೆಲ್ಲಾ ಮಕ್ಕಳನ್ನು ಕಿತ್ತುಕೊಳ್ಳುವವರು ಅಂತ ತಿಳಿಯಬೇಡಿ. 2016ರ ನವೆಂಬರ್‌ನಲ್ಲಿ ನಮ್ಮ ಮೈಸೂರಿನಲ್ಲೇ ಮಕ್ಕಳ ಮಾರಾಟ ಜಾಲ ಸಿಕ್ಕಿಬಿತ್ತು, ಪೊಲೀಸರು 16 ಮಕ್ಕಳನ್ನು ರಕ್ಷಿಸಿದರು. ಅಂಥ ಮಕ್ಕಳನ್ನು ನೋಡಿಕೊಳ್ಳೋಕೆ ಒಂದು ಸಮಿತಿ ಬೇಡವೇ? ಕುಡಿದು ಮಗುವನ್ನು ಬಡಿಯುವ ಮನೆಯೂ ನಮ್ಮ ಬೀದಿಯಲ್ಲೇ ಇರುತ್ತೆ. ಅಲ್ಲಿಗೆ ನಾವೇ 1098ಕ್ಕೆ ಫೋನ್ ಮಾಡಬೇಕು.

ಇನ್ನು, ಸಾಕೋಕೆ ಆಗದೆ ಮಗುವನ್ನು ಹಾಸ್ಟೆಲ್ಲಿಗೋ ಆಶ್ರಮಕ್ಕೋ ಬಿಡೋಣ ಅನ್ನುವ ತಾಯಂದಿರಿಗೆ ಒಂದು ಮಾತು. ಗಂಡ ತೀರಿಕೊಂಡವರು, ಬಿಟ್ಟುಹೋದವರು, ದೊಡ್ಡ ಕಾಯಿಲೆ ಇರುವವರು ಮಗುವನ್ನು ಮನೆಯಲ್ಲೇ ಸಾಕಲಿ ಅಂತ ಸರ್ಕಾರದ ಪ್ರಾಯೋಜಕತ್ವ ಯೋಜನೆ ಇದೆ. ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಗರದವರಾದರೆ ಕುಟುಂಬದ ವರ್ಷದ ಆದಾಯ 96,000, ಹಳ್ಳಿಯವರಾದರೆ 72,000 ಮೀರಿರಬಾರದು. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ನಿಮ್ಮ ಸಂಘದಲ್ಲಿ ಪುಸ್ತಕ ಬರೆಯುವ ಒಬ್ಬರು ಇದ್ದೇ ಇರ್ತಾರೆ. ಅವರ ಕೈಲಿ ಅರ್ಜಿ ಬರೆಸಿ. ಮಗುವಿನ ಜನನ ಪತ್ರ, ಆಧಾರ್, ರೇಷನ್ ಕಾರ್ಡ್, ಅಂಗನವಾಡಿಯದೋ ಶಾಲೆಯದೋ ಚೀಟಿ ಜೊತೆಗಿರಲಿ. ಎರಡು ಪ್ರತಿ ಒಯ್ದು, ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಆ ತಾಯಿಯನ್ನು ಒಬ್ಬಳೇ ಕಳಿಸಬೇಡಿ, ಇಬ್ಬರು ಜೊತೆಗೆ ಹೋಗಿ. ಸಮಿತಿ ಕರೆದ ದಿನ ಕೂಲಿ ಹೋಗುತ್ತೆ ಅಂತ ಅವಳು ಹಿಂಜರಿದರೆ, ಆ ದಿನದ ಕೂಲಿಯನ್ನು ಸಂಘದಿಂದ ಕೊಡುವ ಬಗ್ಗೆ ಮುಂದಿನ ಸಭೆಯಲ್ಲಿ ಠರಾವು ಮಾಡಿ.