ಗೋಡೆಗೆ ಬಣ್ಣ, ಗಲ್ಲಿಗೆ ಮಾನ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಕಸದ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಗು ಪಾಠ ಕಲಿಯುವುದು ತರಗತಿಯಲ್ಲಿ ಮಾತ್ರ ಅಲ್ಲ, ಶಾಲೆಗೆ ಬರುವ ದಾರಿಯಲ್ಲೂ ಕಲಿಯುತ್ತದೆ. ಒಳಗೆ ನಾವು ಸ್ವಚ್ಛತೆಯ ಪಾಠ ಹೇಳುತ್ತೇವೆ. ಹೊರಗೆ ಅದೇ ಶಾಲೆಯ ಕಂಪೌಂಡಿಗೆ ಒರಗಿಕೊಂಡು ತಿಪ್ಪೆ ಬಿದ್ದಿದ್ದರೆ, ಮಗು ನಂಬುವುದು ತಿಪ್ಪೆಯನ್ನೇ. ಶುಚಿತ್ವ ಈಮಾನಿನ ಅರ್ಧಭಾಗ ಎಂದು ಕೇಳುತ್ತಲೇ ಬೆಳೆದವರು ನಾವು. ದಾರಿಯ ಮೇಲಿನ ಮುಳ್ಳು, ಕಲ್ಲು ಸರಿಸುವುದೂ ಸದಕಾ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಆದರೂ ನಮ್ಮ ಮೊಹಲ್ಲಾಗಳಿಗೆ 'ಹೊಲಸು' ಎಂಬ ಹೆಸರು ಅಂಟಿಕೊಂಡರೆ ಅದರ ನೋವು ನಮ್ಮ ಮಕ್ಕಳಿಗೇ ತಟ್ಟುತ್ತದೆ.

ಬೆಂಗಳೂರಿನಲ್ಲಿ 2010ರಲ್ಲಿ 'ದಿ ಅಗ್ಲಿ ಇಂಡಿಯನ್' ಎಂಬ ಗುಂಪೊಂದು ಚರ್ಚ್ ಸ್ಟ್ರೀಟಿನಲ್ಲಿ ಕೆಲಸ ಆರಂಭಿಸಿತು. ಆ ಗುಂಪಿನವರು ತಮ್ಮ ಹೆಸರು ಹೇಳಿಕೊಳ್ಳಲಿಲ್ಲ. 'ಕೆಲಸ ಚಾಲೂ, ಬಾಯಿ ಬಂದ್' ಎಂಬುದು ಅವರ ನಿಯಮ. ಹಾರ, ತುರಾಯಿ, ಭಾಷಣ ಯಾವುದೂ ಇಲ್ಲ. ಒಂದು ಜಾಗವನ್ನು ಆರಿಸಿಕೊಂಡು, ಅಲ್ಲಿ ಜನ ಕಸ ಯಾಕೆ ಎಸೆಯುತ್ತಾರೆ ಎಂದು ಮೊದಲು ನೋಡುತ್ತಿದ್ದರು. ನಂತರ ತಾವೇ ಸಲಿಕೆ ಹಿಡಿದು ಕಸ ಎತ್ತಿ, ಗೋಡೆಗೆ ಬಣ್ಣ ಬಳಿದು, ಹೂವಿನ ಕುಂಡ ಇಡುತ್ತಿದ್ದರು. ಪಾನ್ ಉಗುಳುವ ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ ಹಚ್ಚಿದರು, ಕಲೆ ಎದ್ದು ಕಾಣಬಾರದೆಂದು. ಮೇಲ್ಸೇತುವೆಯ ಕಂಬಗಳ ಮೇಲೆ ತ್ರಿಕೋನಗಳ ಸರಳ ವಿನ್ಯಾಸ ಬಿಡಿಸಿದರು. ಕುಂಚ ಹಿಡಿದು ಗೊತ್ತಿಲ್ಲದವರೂ ಅದರಲ್ಲಿ ಬಣ್ಣ ತುಂಬಬಹುದಿತ್ತು. ಜಾಗ ಹೊಲಸಾಗಿ ಕಂಡರೆ ಇನ್ನಷ್ಟು ಹೊಲಸು ಬೀಳುತ್ತದೆ, ಚೆಂದವಾಗಿ ಕಂಡರೆ ಎಸೆಯುವ ಕೈ ಹಿಂಜರಿಯುತ್ತದೆ. ಇದೇ ಅವರು ಕಂಡುಕೊಂಡ ಗುಟ್ಟು.

ಇನ್ನೊಬ್ಬರು ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್ ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಅವರು ಒಂದು ಮೊಸಳೆಯ ಪ್ರತಿಕೃತಿ ಮಾಡಿ ಆ ನೀರಿನಲ್ಲಿಟ್ಟರು. ಊರೆಲ್ಲ ನೋಡಲು ಬಂತು, ಗುಂಡಿ ಮುಚ್ಚಿತು. 2019ರಲ್ಲಿ ಹೇರೋಹಳ್ಳಿ ಕಡೆಯ ರಸ್ತೆಯ ಗುಂಡಿಗಳ ನಡುವೆ ಗಗನಯಾತ್ರಿಯ ವೇಷದವರೊಬ್ಬರನ್ನು ಚಂದ್ರನ ಮೇಲೆ ನಡೆದಂತೆ ನಡೆಸಿ ಚಿತ್ರೀಕರಿಸಿದರು. ಅಲ್ಲಿಯೂ ದುರಸ್ತಿ ಬೇಗನೇ ಶುರುವಾಯಿತು. ಬೈಗುಳ, ಕಲ್ಲು ತೂರಾಟ ಇಲ್ಲದೆ ಒಬ್ಬ ಕಲಾವಿದ ಆಡಳಿತದ ಕಣ್ಣು ತೆರೆಸಿದ ರೀತಿ ಇದು.

ಬಂಧುಗಳೇ, ಕಲೆ ಮತ್ತು ಊರಿನ ಹಿತವನ್ನು ಕೂಡಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ ತಾಜ್ ಬಾವಡಿ ಕುಡಿಯುವ ನೀರಿನ ಬಾವಿಯೂ ಹೌದು, ಕಣ್ಣಿಗೆ ಹಬ್ಬವೂ ಹೌದು. ಅದೇ ಬಾವಡಿ ಮುಂದೆ ಹೂಳು, ಕಸದಿಂದ ತುಂಬಿತು. 2010ರ ದಶಕದಲ್ಲಿ ಅದನ್ನು ತೆಗೆಸಬೇಕಾಯಿತು. ಕಟ್ಟುವುದಕ್ಕೆ ಒಬ್ಬ ಸುಲ್ತಾನ ಸಾಕು, ಕಾಯುವುದಕ್ಕೆ ಮಾತ್ರ ಓಣಿಯ ಎಲ್ಲರೂ ಬೇಕು.

ನಮ್ಮ ಊರುಗಳಲ್ಲಿ ಕಲಾವಿದರು ಎಲ್ಲಿದ್ದಾರೆ ಎಂದು ಕೇಳಬೇಡಿ. ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಶಾಲೆಯ ಗೋಡೆ ಬರೆಯುತ್ತಿದ್ದ ಪೇಂಟರುಗಳು ನಮ್ಮ ನಡುವೆಯೇ ಇದ್ದಾರೆ. ಮೊಹರಮ್ಮಿಗೆ ತಾಬೂತು ಕಟ್ಟುವ ಕೈಗಳಿವೆ. ಬಾಗಿಲ ಮುಂದೆ ದಿನವೂ ರಂಗೋಲಿ ಹಾಕುವ ಅಕ್ಕತಂಗಿಯರಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಪೇಂಟರುಗಳ ಕುಂಚ ಒಣಗಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದ್ದರೂ ಅವರ ಕೆಲಸ ಪೂರ್ತಿ ಮರಳಲಿಲ್ಲ. ಆದ್ದರಿಂದ ಅವರನ್ನು ಕರೆದಾಗ 'ಸೇವೆ' ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಸಬಾರದು. ಚಂದಾ ಎತ್ತಿ ಕೂಲಿ ಕೊಡೋಣ. ಮಕ್ಕಳು ಅವರ ಕೈಕೆಳಗೆ ಕಲಿಯಲಿ.

ಏನು ಬರೆಯಬೇಕು ಎಂಬ ಪ್ರಶ್ನೆ ಬರುತ್ತದೆ. ಕೆಲವು ಕಡೆ ಜನ ಮೂತ್ರ ಮಾಡದಿರಲೆಂದು ಗೋಡೆಗೆ ದೇವರ ಚಿತ್ರ, ಪವಿತ್ರ ಅಕ್ಷರ ಹಾಕುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ಯಾರ ಧರ್ಮವನ್ನೂ ಕಸದ ಕಾವಲಿಗೆ ನಿಲ್ಲಿಸಬಾರದು. ಇಬ್ರಾಹಿಂ ರೋಜಾದ ಗೋಡೆಗಳನ್ನು ನೋಡಿ: ಬಳ್ಳಿ, ಹೂವು, ರೇಖೆಗಳ ಹೆಣಿಗೆ. ಅಂಥ ವಿನ್ಯಾಸಕ್ಕೆ ಯಾರ ಆಕ್ಷೇಪವೂ ಬರಲಾರದು. ಜೊತೆಗೆ ಇಂಡಿಯ ನಿಂಬೆ, ನಮ್ಮ ಬಿಳಿಜೋಳದ ತೆನೆ, ಕನ್ನಡ ಮತ್ತು ಉರ್ದು ವರ್ಣಮಾಲೆಗಳನ್ನು ಬರೆಯಬಹುದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಕಾಯಕಕ್ಕೆ ಜಾತಿಯಿಲ್ಲ. ಈ ಕೆಲಸದಲ್ಲೂ ನೆರೆಹೊರೆಯ ಎಲ್ಲ ಮನೆಯವರೂ ಇರಬೇಕು.

ಒಂದು ಎಚ್ಚರಿಕೆ. ಕಸದ ಗಾಡಿ ಬಾರದಿದ್ದರೆ ಬಣ್ಣ ಎಷ್ಟು ದಿನ ಉಳಿದೀತು? ಹಸಿಕಸ, ಒಣಕಸ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಬೇರ್ಪಡಿಸುವುದು ನಮ್ಮ ಹೊಣೆ, ಒಯ್ಯುವುದು ಊರಿನ ಆಡಳಿತದ ಹೊಣೆ. ಚರಂಡಿ, ಗಾಡಿ, ಬೀದಿದೀಪಗಳನ್ನು ಕೇಳುವ ಹಕ್ಕನ್ನು ಬಿಡಬಾರದು. ಆದರೆ ನಮ್ಮ ಪಾಲು ಮುಗಿಸಿ ಕೇಳಿದರೆ ಆ ಮಾತಿಗೆ ತೂಕ ಬರುತ್ತದೆ.

ಆದ್ದರಿಂದ ನನ್ನ ಸೂಚನೆ ಚಿಕ್ಕದು. ನಾಲ್ಕು ಊರುಗಳಲ್ಲಿ ಒಂದೊಂದೇ ಗೋಡೆ ಆರಿಸಿಕೊಳ್ಳೋಣ. ಒಂದು ವಾರ ವಿದ್ಯಾರ್ಥಿಗಳು ಅಲ್ಲಿ ಯಾವ ಹೊತ್ತಿಗೆ ಕಸ ಬೀಳುತ್ತದೆ ಎಂದು ಬರೆದಿಡಲಿ. ಎಸೆಯುವವರ ಮನೆಗೆ ಹೋಗಿ, ಜಗಳ ಮಾಡದೆ, ಅವರ ತೊಂದರೆ ಏನೆಂದು ಕೇಳಲಿ. ಪೌರಕಾರ್ಮಿಕರನ್ನು ಕರೆದು ಚಹಾ ಕೊಟ್ಟು ಅವರ ಸಲಹೆ ಪಡೆಯೋಣ. ಗಲ್ಲಿಯ ಕಸದ ವಿಷಯ ಅವರಿಗಿಂತ ಹೆಚ್ಚು ಬಲ್ಲವರಿಲ್ಲ. ಆಮೇಲೆ ಬಣ್ಣ. ಬಣ್ಣ ಹಚ್ಚಿದ ಮೇಲೆ ಮೂರು ತಿಂಗಳು ಪಾಳಿಯಂತೆ ನೋಡಿಕೊಳ್ಳೋಣ. ಫೋಟೋ ತೆಗೆಯುವುದು ಮೊದಲ ದಿನ ಬೇಡ, ತೊಂಬತ್ತನೇ ದಿನ ತೆಗೆಯೋಣ.

ವಿದ್ಯಾರ್ಥಿಗಳೇ, ನೀವು ನಾಳೆ ಡಾಕ್ಟರ್, ಇಂಜಿನಿಯರ್ ಆಗಿ ದೊಡ್ಡ ಊರುಗಳಿಗೆ ಹೋಗುತ್ತೀರಿ, ಹೋಗಬೇಕು. ಹುಟ್ಟಿದ ಓಣಿಯ ಹೆಸರು ಹೇಳಲು ನಿಮಗೆ ನಾಚಿಕೆಯಾಗಬಾರದು. ಆ ಮಾನ ಉಳಿಸುವ ಕೆಲಸ ಇಂದು ನಮ್ಮೆಲ್ಲರ ಕೈಯಲ್ಲಿದೆ. ಅಲ್ಲಾಹನು ಇದಕ್ಕೆ ಬರಕತ್ ನೀಡಲಿ.