ಗಡುವು ತಪ್ಪಿದ ಸಂಘ: ತೆರಿಗೆ ದಂಡ, ವಿಳಂಬ ಶುಲ್ಕದಿಂದ ವಿನಾಯಿತಿ ಕೇಳುವುದು ಹೇಗೆ?

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯೊಬ್ಬರು ಮಾಡಿದ ಭಾಷಣ)



ನನ್ನನ್ನು ಕಂಡರೆ ನೀವು ಕೇಳುವುದು ಕೆಚ್ಚಲು ಬಾವಿನ ವಿಷಯ, ಬೆದೆಗೆ ಬಾರದ ಹಸುವಿನ ವಿಷಯ. ಇವತ್ತು ನಾನು ಅದ್ಯಾವುದನ್ನೂ ಹೇಳುವುದಿಲ್ಲ. ಆದಾಯ ತೆರಿಗೆಯ ಬಗ್ಗೆ ಮಾತನಾಡುತ್ತೇನೆ. ದನದ ಡಾಕ್ಟರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಒಂದು ಸಂಘದಲ್ಲಿ ನಾನೇ ತಪ್ಪು ಮಾತು ಆಡಿದ್ದೆ. ಆ ತಪ್ಪು ಇನ್ನೊಂದು ಸಂಘದಲ್ಲಿ ಆಗಬಾರದು ಎಂಬುದೇ ಈ ಭಾಷಣದ ಉದ್ದೇಶ.

ಆ ಸಂಘದ ಹೆಸರು ಬೇಡ. 2019ರ ಅಕ್ಟೋಬರ್‌ನಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಲು ಅಲ್ಲಿಗೆ ಹೋಗಿದ್ದೆ. "ಸಾರ್, ಆಡಿಟ್ ಇನ್ನೂ ಆಗಿಲ್ಲ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಬೇಕಂತೆ, ಏನು ಮಾಡೋದು?" ಎಂದು ಅಧ್ಯಕ್ಷರು ಕೇಳಿದರು. "ಹಾಲಿನ ಸಂಘಕ್ಕೆ ಎಲ್ಲಿಯ ತೆರಿಗೆ? ಆಡಿಟ್ ಆದ ಮೇಲೆ ನಿಧಾನವಾಗಿ ಹಾಕಿ" ಎಂದು ಹೇಳಿ ನಾನು ಮುಂದಿನ ಊರಿಗೆ ಹೊರಟೆ. ಆ ವರ್ಷದ ಗಡುವು ಅಕ್ಟೋಬರ್ 31 ಇತ್ತು. ಲೆಕ್ಕಪರಿಶೋಧನಾ ವರದಿ ಕೈಸೇರಿದ್ದು ಡಿಸೆಂಬರ್‌ನಲ್ಲಿ. ರಿಟರ್ನ್ ಸಲ್ಲಿಕೆಯಾದದ್ದು 2020ರ ಜನವರಿಯಲ್ಲಿ. ಮುಂದೆ ತೆರಿಗೆ, ಬಡ್ಡಿ ಸೇರಿಸಿ ಬೇಡಿಕೆ ನೋಟೀಸು ಬಂತು. ಸರ್ವ ಸದಸ್ಯರ ಸಭೆಯಲ್ಲಿ ಬೋನಸ್ ಘೋಷಿಸಲು ಹಣ ಇರಲಿಲ್ಲ.

ಆ ಸಭೆಯಲ್ಲಿ ಎರಡು ಹಸು ಸಾಕಿಕೊಂಡಿರುವ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಸಾರ್, ನಮ್ಮ ಹಸು ತಪ್ಪು ಮಾಡ್ಲಿಲ್ಲ, ನಾವೂ ತಪ್ಪು ಮಾಡ್ಲಿಲ್ಲ. ಮಳೆ ಬಂದ್ರೂ, ಮನೇಲಿ ಸಾವಾದ್ರೂ ಎರಡು ಹೊತ್ತೂ ಟೈಮಿಗೆ ಹಾಲು ಹಾಕಿದ್ವಿ. ಯಾರೋ ಒಂದು ಕಾಗದ ಟೈಮಿಗೆ ಕಳಿಸದೇ ಇದ್ದಿದ್ದಕ್ಕೆ ನಮ್ಮ ಬೋನಸ್ ಯಾಕೆ ಹೋಗ್ಬೇಕು?" ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ತಿಳಿದವರನ್ನು ಕೇಳಿ, ಸುತ್ತೋಲೆಗಳನ್ನು ಓದಿ ಕಲಿತದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಕಾನೂನು ಕೊಟ್ಟಿರುವ ಸೌಲಭ್ಯ

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 80ಪಿ ಸಹಕಾರ ಸಂಘಗಳಿಗೆ ಸಂಬಂಧಿಸಿದ್ದು. ಸದಸ್ಯರು ಉತ್ಪಾದಿಸಿದ ಹಾಲನ್ನು ಒಕ್ಕೂಟಕ್ಕೆ ಸರಬರಾಜು ಮಾಡುವ ಪ್ರಾಥಮಿಕ ಸಂಘಕ್ಕೆ, ಆ ವ್ಯವಹಾರದ ಲಾಭವಷ್ಟನ್ನೂ ಆದಾಯದಿಂದ ಕಳೆಯಲು ಅದು ಅವಕಾಶ ಕೊಡುತ್ತದೆ. "ಹಾಲಿನ ಸಂಘಕ್ಕೆ ತೆರಿಗೆ ಇಲ್ಲ" ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಅದು ಅರ್ಧ ಸತ್ಯ. ಈ ಕಡಿತ ತಾನಾಗಿ ಸಿಗುವುದಿಲ್ಲ. ರಿಟರ್ನ್‌ನಲ್ಲಿ ಕೇಳಿಯೇ ಪಡೆಯಬೇಕು. 2018ರಲ್ಲಿ ಕಲಂ 80ಎಸಿ ತಿದ್ದುಪಡಿಯಾಯಿತು. ಆಗಿನಿಂದ ರಿಟರ್ನನ್ನು ಗಡುವಿನೊಳಗೆ ಸಲ್ಲಿಸದಿದ್ದರೆ ಈ ಕಡಿತವೇ ಇಲ್ಲ.

ಒಂದು ಲೆಕ್ಕ ನೋಡಿ. ಒಂದು ಸಂಘಕ್ಕೆ ಹಾಲಿನ ವ್ಯವಹಾರದಲ್ಲಿ 3 ಲಕ್ಷ ರೂಪಾಯಿ ಲಾಭ ಬಂದಿದೆ ಎಂದುಕೊಳ್ಳೋಣ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ಲಾಭದ ಮೇಲೆ ತೆರಿಗೆ ಸೊನ್ನೆ. ಗಡುವು ದಾಟಿದರೆ ಸಹಕಾರ ಸಂಘದ ಸಾಮಾನ್ಯ ದರ ಬೀಳುತ್ತದೆ: ಮೊದಲ 10,000ಕ್ಕೆ ಶೇ. 10, ನಂತರದ 10,000ಕ್ಕೆ ಶೇ. 20, ಉಳಿದದ್ದಕ್ಕೆ ಶೇ. 30. ಒಟ್ಟು 87,000 ರೂ. ಶೇ. 4ರ ಸೆಸ್ ಸೇರಿ 90,480 ರೂ. ತಡವಾದ ಪ್ರತಿ ತಿಂಗಳಿಗೂ ಶೇ. 1ರಂತೆ ಬಡ್ಡಿ ಬೇರೆ. ಇಷ್ಟು ಆದಾಯಕ್ಕೆ ವಿಳಂಬ ಶುಲ್ಕ 1,000 ರೂ. ಮಾತ್ರ; ಆದಾಯ 5 ಲಕ್ಷ ದಾಟಿದರೆ 5,000 ರೂ. ಅನೇಕರು ಈ ಶುಲ್ಕವನ್ನಷ್ಟೇ ನೋಡಿ "ಸಾವಿರ ರೂಪಾಯಿ ತಾನೆ, ಕಟ್ಟಿಬಿಡೋಣ" ಎನ್ನುತ್ತಾರೆ. ಸಾವಿರದ ಹಿಂದೆ ತೊಂಬತ್ತು ಸಾವಿರ ನಿಂತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಸಂಘದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಂದ ಬಡ್ಡಿ ಹಾಲಿನ ವ್ಯವಹಾರದ ಲಾಭವಲ್ಲ. ನಮ್ಮ ರಾಜ್ಯದ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಹೆಚ್ಚುವರಿ ಹಣದ ಠೇವಣಿಯ ಬಡ್ಡಿಯನ್ನು ಇತರ ಮೂಲದ ಆದಾಯವೆಂದೇ ಪರಿಗಣಿಸಿತು. ಆದ್ದರಿಂದ ಠೇವಣಿ ಬಡ್ಡಿಯನ್ನು ಪ್ರತ್ಯೇಕವಾಗಿ ತೋರಿಸಿ, ತೆರಿಗೆ ಸಲಹೆಗಾರರನ್ನು ಕೇಳಿ.

ಯಾವುದಕ್ಕೆ ಯಾವ ಬಾಗಿಲು?

ಗಡುವು ತಪ್ಪಿಯೇ ಹೋಗಿದ್ದರೆ ಏನು ಮಾಡಬೇಕು? ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆಯಿದೆ. ಕೇಳಬೇಕು. ಆದರೆ ಸರಿಯಾದ ಬಾಗಿಲಲ್ಲಿ, ಸರಿಯಾದ ಕಾಗದದೊಂದಿಗೆ ಕೇಳಬೇಕು. ಎಲ್ಲ ಜ್ವರಕ್ಕೂ ಒಂದೇ ಚುಚ್ಚುಮದ್ದು ಇಲ್ಲ ಅಲ್ಲವೇ? ಹಾಗೆಯೇ ಇಲ್ಲಿಯೂ ನಾಲ್ಕು ಬೇರೆ ಬೇರೆ ವಿಷಯಗಳಿವೆ.

ಮೊದಲನೆಯದು ವಿಳಂಬ ಶುಲ್ಕ. ಇದು ಕಲಂ 234ಎಫ್ ಪ್ರಕಾರ ತಾನಾಗಿ ಬೀಳುತ್ತದೆ. ಸ್ಥಳೀಯ ಅಧಿಕಾರಿ ತನ್ನ ಇಷ್ಟದಂತೆ ಇದನ್ನು ಬಿಡುವಂತಿಲ್ಲ. ಇದರ ಹಿಂದೆ ಓಡಾಡಿ ಕಾಲ ಕಳೆಯಬೇಡಿ.

ಎರಡನೆಯದು ದಂಡ. ಉದಾಹರಣೆಗೆ, ಇಲಾಖೆ ವಿವರ ಕೇಳಿ ಕಳಿಸಿದ ನೋಟೀಸಿಗೆ ಉತ್ತರ ಕೊಡದಿದ್ದರೆ ಪ್ರತಿ ತಪ್ಪಿಗೆ 10,000 ರೂ. ದಂಡ ಹಾಕಲು ಅವಕಾಶವಿದೆ. ಆದರೆ ದಂಡ ಹಾಕುವ ಮುನ್ನ ನಿಮ್ಮ ಮಾತನ್ನು ಕೇಳಬೇಕು. ಸಮಂಜಸ ಕಾರಣವಿತ್ತೆಂದು ತೋರಿಸಿಕೊಟ್ಟರೆ ಕಲಂ 273ಬಿ ಪ್ರಕಾರ ದಂಡವಿಲ್ಲ. ದಂಡ ಬಿದ್ದ ಮೇಲೂ, ನಿಜವಾದ ಕಷ್ಟವಿದ್ದರೆ ಕಲಂ 273ಎ ಅಡಿಯಲ್ಲಿ ಪ್ರಧಾನ ಆಯುಕ್ತರಿಗೆ ಅಥವಾ ಆಯುಕ್ತರಿಗೆ ಅರ್ಜಿ ಕೊಡಬಹುದು. ಅರ್ಜಿ ತಲುಪಿದ ತಿಂಗಳ ಕೊನೆಯಿಂದ 12 ತಿಂಗಳೊಳಗೆ ಅವರು ಆದೇಶ ಕೊಡಬೇಕು.

ಮೂರನೆಯದು ಬಡ್ಡಿ. ಬೇಡಿಕೆ ನೋಟೀಸಿನ ಹಣವನ್ನು 30 ದಿನದೊಳಗೆ ಕಟ್ಟದಿದ್ದರೆ ಬೀಳುವ ಬಡ್ಡಿಯನ್ನು ಕಡಿಮೆ ಮಾಡಲು ಕಲಂ 220(2ಎ) ಇದೆ. ಅದಕ್ಕೆ ಮೂರು ಷರತ್ತುಗಳು: ಕಟ್ಟಿದರೆ ನಿಜವಾದ ಸಂಕಷ್ಟವಾಗಬೇಕು, ತಪ್ಪು ನಿಮ್ಮ ಕೈಮೀರಿದ ಕಾರಣದಿಂದ ಆಗಿರಬೇಕು, ಇಲಾಖೆಯ ವಿಚಾರಣೆಗೆ ನೀವು ಸಹಕರಿಸಿರಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು: ಕೈತಪ್ಪಿದ 80ಪಿ ಕಡಿತವನ್ನು ಮರಳಿ ಪಡೆಯುವುದು. ಕಲಂ 119(2)(ಬಿ) ಪ್ರಕಾರ ವಿಳಂಬವನ್ನು ಮನ್ನಿಸುವ ಅಧಿಕಾರ ಕೇಂದ್ರೀಯ ನೇರ ತೆರಿಗೆ ಮಂಡಳಿಗೆ ಇದೆ. ರಾಜ್ಯದ ಕಾನೂನಿನಂತೆ ನಡೆಯಬೇಕಾದ ಲೆಕ್ಕಪರಿಶೋಧನೆ ತಡವಾಗಿ, ದೇಶದ ಅನೇಕ ಸಹಕಾರ ಸಂಘಗಳು ಕಷ್ಟಕ್ಕೆ ಸಿಕ್ಕಿಕೊಂಡಿದ್ದವು. ಇದನ್ನು ಕಂಡು ಮಂಡಳಿ 2023ರ ಜುಲೈ 26ರಂದು 13/2023 ಸಂಖ್ಯೆಯ ಸುತ್ತೋಲೆ ಹೊರಡಿಸಿತು. 2018-19ರಿಂದ 2022-23ರವರೆಗಿನ ಅಸೆಸ್‌ಮೆಂಟ್ ವರ್ಷಗಳ ಇಂಥ ಅರ್ಜಿಗಳನ್ನು ತೀರ್ಮಾನಿಸುವ ಅಧಿಕಾರವನ್ನು ಮುಖ್ಯ ಆಯುಕ್ತರಿಗೆ ಕೊಟ್ಟಿತು. 2024ರ ಅಕ್ಟೋಬರ್‌ನ 14/2024 ಸುತ್ತೋಲೆ ಇದನ್ನು 2023-24ರ ಅಸೆಸ್‌ಮೆಂಟ್ ವರ್ಷಕ್ಕೂ ವಿಸ್ತರಿಸಿತು. ಲೆಕ್ಕದ ವರ್ಷದ ಮುಂದಿನ ವರ್ಷವೇ ಅಸೆಸ್‌ಮೆಂಟ್ ವರ್ಷ ಎಂಬುದು ನೆನಪಿರಲಿ. ಈ ಎರಡು ಸುತ್ತೋಲೆಗಳು ಹೆಸರಿಸಿದ ವರ್ಷಗಳಿಗೆ ಮಾತ್ರ ಅನ್ವಯ. ಪ್ರತಿ ವರ್ಷವೂ ಹೀಗೆಯೇ ಸುತ್ತೋಲೆ ಬರುತ್ತದೆ ಎಂದು ಯಾರೂ ಕಾಯಬೇಡಿ.

ಇದಲ್ಲದೆ, ಕಡಿತವನ್ನು ಒಪ್ಪದ ಆದೇಶ ಬಂದರೆ ಮೇಲ್ಮನವಿಗೆ 30 ದಿನಗಳ ಕಾಲಾವಕಾಶವಿದೆ. ವಿನಾಯಿತಿ ಅರ್ಜಿ ಕೊಟ್ಟಿದ್ದೇವೆಂದು ಆ 30 ದಿನಗಳನ್ನು ಮರೆಯಬಾರದು.

ಅರ್ಜಿಯಲ್ಲಿ ಏನಿರಬೇಕು?

"ನಾವು ಬಡ ರೈತರು, ದಯವಿಟ್ಟು ಮನ್ನಿಸಿ" ಎಂದಷ್ಟೇ ಬರೆದರೆ ಸಾಲದು. ಅಧಿಕಾರಿಗಳು ನೋಡುವುದು ತಾರೀಖುಗಳನ್ನು. ವಿಳಂಬ ನಿಮ್ಮ ಕೈಮೀರಿದ್ದೇ, ಅದಕ್ಕೆ ದಾಖಲೆ ಇದೆಯೇ, ಲೆಕ್ಕಪರಿಶೋಧನೆ ಮುಗಿದ ದಿನಕ್ಕೂ ರಿಟರ್ನ್ ಗಡುವಿಗೂ ಎಷ್ಟು ಅಂತರ, ತೆರಿಗೆ ತಪ್ಪಿಸುವ ಉದ್ದೇಶ ಇತ್ತೇ ಎಂಬುದನ್ನು ಪರಿಶೀಲಿಸುವಂತೆ ಸುತ್ತೋಲೆಯೇ ಹೇಳುತ್ತದೆ. ಆದ್ದರಿಂದ ಅರ್ಜಿಯೊಂದಿಗೆ ಇವು ಇರಲಿ:

1. ಸಂಘದ ಹೆಸರು, ನೋಂದಣಿ ಪತ್ರ, ಪ್ಯಾನ್ ಸಂಖ್ಯೆ, ಯಾವ ಅಸೆಸ್‌ಮೆಂಟ್ ವರ್ಷ ಎಂಬ ವಿವರ.
2. ಲೆಕ್ಕಪರಿಶೋಧಕರ ನೇಮಕದ ದಿನ, ಪುಸ್ತಕಗಳನ್ನು ಒಪ್ಪಿಸಿದ ದಿನ, ವರದಿಗೆ ಸಹಿಯಾದ ದಿನ.
3. ಬೇಗ ಮುಗಿಸಿಕೊಡಿ ಎಂದು ಸಂಘ ಬರೆದ ಪತ್ರಗಳ ಪ್ರತಿ, ಸ್ವೀಕೃತಿಯ ಸಹಿಯೊಂದಿಗೆ.
4. ಆ ಬಗ್ಗೆ ಆಡಳಿತ ಮಂಡಳಿ ಮಾಡಿದ ನಿರ್ಣಯದ ನಕಲು.
5. ರಿಟರ್ನ್ ಸಲ್ಲಿಸಿದ ರಸೀದಿ, ಬಂದ ನೋಟೀಸು.
6. ಹಾಲನ್ನು ಒಕ್ಕೂಟಕ್ಕೇ ಸರಬರಾಜು ಮಾಡಿದ್ದಕ್ಕೆ ಒಕ್ಕೂಟದ ಬಿಲ್ಲುಗಳು.

ನಾನು ಹೇಳಿದ ಸಂಘದ ಕಥೆಯ ಕೊನೆಯನ್ನೂ ಕೇಳಿ. ಆ ಸಂಘ ಎರಡು ವರ್ಷ ತಡಮಾಡಿತ್ತು. 2018-19ರ ಲೆಕ್ಕಕ್ಕೆ ಆಡಿಟ್ ವರದಿ ಡಿಸೆಂಬರ್‌ನಲ್ಲಿ ಬಂದದ್ದಕ್ಕೆ ದಾಖಲೆ ಇತ್ತು. ಹಿಂದಿನ ಕಾರ್ಯದರ್ಶಿ ಬರೆದ ಎರಡು ಜ್ಞಾಪನಾ ಪತ್ರಗಳೂ ಕಡತದಲ್ಲಿ ಸಿಕ್ಕವು. ಅರ್ಜಿ ಹಾಕಿದರು, ವಿಳಂಬ ಮನ್ನಾ ಆಯಿತು. 2021-22ರ ಲೆಕ್ಕದ ವಿಷಯ ಹಾಗಲ್ಲ. ವರದಿ ಸೆಪ್ಟೆಂಬರ್‌ನಲ್ಲೇ ಬಂದು ಬೀರುವಿನಲ್ಲಿ ಮಲಗಿತ್ತು. ರಿಟರ್ನ್ ಹೋದದ್ದು ಡಿಸೆಂಬರ್‌ನಲ್ಲಿ. ಅರ್ಜಿಯಲ್ಲಿ ಬರೆಯಲು ಕಾರಣವೇ ಇರಲಿಲ್ಲ. ಆ ಹಣವನ್ನು ಕಟ್ಟಿದರು. ಎರಡು ಕಾಗದ ಒಂದು ವರ್ಷದ ಬೋನಸ್ ಉಳಿಸಿದವು, ಬೀರುವಿನ ಬೀಗ ಇನ್ನೊಂದು ವರ್ಷದ ಬೋನಸ್ ಕಳೆಯಿತು.

ಮನೆಯ ಲೆಕ್ಕ

ಸದಸ್ಯರಾದ ನಿಮಗೂ ಎರಡು ಮಾತು. ಹಾಲಿನ ಆದಾಯ ಕೃಷಿ ಆದಾಯವೆಂದು ಹಲವರು ತಿಳಿದಿದ್ದಾರೆ. ತೆರಿಗೆ ಕಾನೂನಿನಲ್ಲಿ ಹಾಗಿಲ್ಲ. ಹೈನುಗಾರಿಕೆ ವ್ಯವಹಾರ ಎಂದೇ ಲೆಕ್ಕ. ಹಿಂಡಿ, ಬೂಸ, ಮೇವು, ಔಷಧಿಯ ಖರ್ಚು ಕಳೆದರೆ ನಮ್ಮಲ್ಲಿ ಬಹುಪಾಲು ಮನೆಗಳ ಆದಾಯ ತೆರಿಗೆಯ ಮಿತಿಯೊಳಗೇ ಇರುತ್ತದೆ. ರಿಟರ್ನ್ ಸಲ್ಲಿಸುವ ಬಾಧ್ಯತೆಯೇ ಇಲ್ಲದವರಿಗೆ ವಿಳಂಬ ಶುಲ್ಕವೂ ಇಲ್ಲ. ಆದರೆ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ತೆರಿಗೆ ಹಿಡಿದಿದ್ದರೆ, ಅದನ್ನು ರಿಟರ್ನ್ ಹಾಕಿಯೇ ವಾಪಸು ಪಡೆಯಬೇಕು. ಕಾಲ ಮೀರಿದ್ದರೂ, 2024ರ ಅಕ್ಟೋಬರ್ 1ರ 11/2024 ಸುತ್ತೋಲೆಯಂತೆ, ಅಸೆಸ್‌ಮೆಂಟ್ ವರ್ಷ ಮುಗಿದ 5 ವರ್ಷದೊಳಗೆ ವಿಳಂಬ ಮನ್ನಾ ಕೇಳಬಹುದು.

ಚಿಕಿತ್ಸೆಗಿಂತ ಮುನ್ನೆಚ್ಚರಿಕೆ

ವಿನಾಯಿತಿ ಎಂಬುದು ಚಿಕಿತ್ಸೆ. ಲಸಿಕೆ ಬೇರೆಯೇ ಇದೆ, ಅದಕ್ಕೆ ಖರ್ಚೂ ಇಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಏಪ್ರಿಲ್‌ನಲ್ಲೇ ಪುಸ್ತಕಗಳನ್ನು ಸಿದ್ಧಪಡಿಸಿ. ಲೆಕ್ಕಪರಿಶೋಧಕರಿಗೆ ಬರೆಯುವುದನ್ನೆಲ್ಲ ಪತ್ರದಲ್ಲೇ ಬರೆಯಿರಿ, ಫೋನಿನಲ್ಲಿ ಹೇಳಿದ ಮಾತಿಗೆ ಸಾಕ್ಷಿಯಿಲ್ಲ. ಲೆಕ್ಕಪರಿಶೋಧನೆ ಕಡ್ಡಾಯವಿರುವ ಸಂಘಕ್ಕೆ ಗಡುವು ಸಾಮಾನ್ಯವಾಗಿ ಅಕ್ಟೋಬರ್ 31. ಕೆಲವು ವರ್ಷ ಅದನ್ನು ಮುಂದೂಡಿದ್ದುಂಟು. ಅದನ್ನು ನಂಬಿ ಕೂರಬೇಡಿ. ಇಲಾಖೆಯ ಜಾಲತಾಣದಲ್ಲಿ ಸಂಘದ ಖಾತೆಗೆ ಯಾರ ಮೊಬೈಲ್, ಯಾರ ಇ-ಮೇಲ್ ಇದೆ ಎಂದು ನಾಳೆಯೇ ನೋಡಿ. ಕೆಲಸ ಬಿಟ್ಟುಹೋದ ಕಾರ್ಯದರ್ಶಿಯದು ಇದ್ದರೆ ನೋಟೀಸು ಅವರಿಗೇ ಹೋಗುತ್ತದೆ, ದಂಡ ಮಾತ್ರ ನಿಮಗೆ ಬರುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ. ಕಲಂಗಳ ಸಂಖ್ಯೆ ಅಲ್ಲಿ ಬೇರೆ. ಹಿಂದಿನ ವರ್ಷಗಳಿಗೆ ನಾನು ಹೇಳಿದ ಸಂಖ್ಯೆಗಳೇ ನಡೆಯುತ್ತವೆ.

ಸದಸ್ಯರೇ, ಇದು ಕಾರ್ಯದರ್ಶಿಯೊಬ್ಬರ ಕೆಲಸ ಎಂದು ಸುಮ್ಮನಿರಬೇಡಿ. ಹಸುವಿಗೆ ಗರ್ಭ ಕಟ್ಟಿಸಿದ ತಾರೀಖನ್ನು ಗೋಡೆಯ ಮೇಲೆ ಬರೆದಿಟ್ಟು, 21ನೇ ದಿನ ತಪ್ಪದೆ ನೋಡುವವರು ನೀವು. ಅದೇ ಗೋಡೆಯ ಮೇಲೆ ಅಕ್ಟೋಬರ್ 31 ಎಂದೂ ಬರೆಯಿರಿ. ನವೆಂಬರ್ ಮೊದಲ ವಾರ ಹಾಲು ಹಾಕಲು ಹೋದಾಗ "ರಿಟರ್ನ್ ರಸೀದಿ ತೋರಿಸಿ" ಎಂದು ಕೇಳಿ. ಆ ತಾಯಿ ಕೇಳಿದ ಪ್ರಶ್ನೆಯನ್ನು ಬೋನಸ್ ಹೋದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಮೇಲು.