ಹೊಳೆ ತಂದ ಮರ, ಮನೆಗೆ ಬಂದ ಬೆಳಕು
(ಉಪನ್ಯಾಸವೊಂದರ ಬರಹರೂಪ)



ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ದಾಟಿ, ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಬರುತ್ತಾರೆ. ಕರಿಬಸವೇಶ್ವರಸ್ವಾಮಿಯ ಗದ್ದುಗೆಗೆ ಬರುವ ಭಕ್ತರು ಮಿಂದೇಳುವುದು ಇದೇ ನೀರಿನಲ್ಲಿ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಇಲ್ಲಿನ ರಸ್ತೆ ಮುಳುಗುವುದುಂಟು. ನೆರೆಯ ಕೆಂಪು ನೀರಿನೊಡನೆ ಮಲೆನಾಡಿನ ಬೇರು, ಕೊಂಬೆ, ಬೊಡ್ಡೆಗಳೂ ಇಳಿದು ಬರುತ್ತವೆ.

ನೀರು ತಿದ್ದಿದ ಅಂಥ ಬೇರಿಗೆ ಬಲ್ಬು ಸಿಕ್ಕಿಸಿ ಅಂಗಳ, ಜಗಲಿಗಳನ್ನು ಅಲಂಕರಿಸುವ ಅಭಿರುಚಿ ಇಂದು ಬೆಳೆದಿದೆ. ಅಭಿರುಚಿ ತಪ್ಪಲ್ಲ, ಮರ ಎಲ್ಲಿಂದ ಬಂತೆಂಬುದೇ ಪ್ರಶ್ನೆ. ತೇಲಿಬಂದ ಮರಮುಟ್ಟನ್ನು ಒಡೆತನ ಸಾಬೀತಾಗುವವರೆಗೆ ಸರ್ಕಾರದ ಸ್ವತ್ತೆಂದೇ ಎಣಿಸುವುದು ಅರಣ್ಯ ಕಾಯ್ದೆಯ ರೀತಿ. ಕಾಡಿನಲ್ಲಿ ಬಿದ್ದ ಬೊಡ್ಡೆಯೂ ವ್ಯರ್ಥವಲ್ಲ. ಅಣಬೆ, ಗೆದ್ದಲು, ದುಂಬಿಗಳಿಗೆ ಅದು ಅನ್ನ. ಮರಕುಟಿಕಕ್ಕೆ ಅದೇ ಉಗ್ರಾಣ. ಕೊಳೆತ ಮೇಲೆ ಮುಂದಿನ ಸಸಿಗೆ ಗೊಬ್ಬರ. ಒಂದು ದೀಪಕ್ಕಾಗಿ ಇಷ್ಟು ಜೀವಗಳ ಮನೆಯನ್ನು ಕತ್ತಲಾಗಿಸುವುದು ನ್ಯಾಯವೇ?

ಹಾಗಾದರೆ ಮರವೆಲ್ಲಿದೆ? ತೋಟದಲ್ಲಿಯೇ ಇದೆ. ಹಳದಿ ಎಲೆ ರೋಗಕ್ಕೆ ತುತ್ತಾಗಿ ಶೃಂಗೇರಿ, ಕೊಪ್ಪ ಸೀಮೆಯ ಅಡಿಕೆ ಮರಗಳು ಸೊರಗಿವೆ. ಮುಪ್ಪಿನಿಂದ ಒಣಗುವ ಮರಗಳಂತೂ ಎಲ್ಲೆಡೆ ಇವೆ. ಹಿರಿಯರು ಇದೇ ಮರವನ್ನು ಸೀಳಿ ದಬ್ಬೆ ಮಾಡಿದರು, ತಿರುಳು ತೆಗೆದು ನೀರು ಹರಿಸುವ ದೋಣಿ ಮಾಡಿದರು. ಅದೇ ದೋಣಿಯನ್ನು ಗೋಡೆಗೆ ನಿಲ್ಲಿಸಿದರೆ ದೀಪದ ಮರೆ ಸಿದ್ಧ.

ಕೆಲಸ ಸರಳವಾದರೂ ಅವಸರ ಸಲ್ಲದು. ಚೆನ್ನಾಗಿ ಬಲಿತ ಮರದ ಒಂದೂವರೆ ಅಡಿ ತುಂಡನ್ನು ಎರಡಾಗಿ ಸೀಳಿ, ಮೆತ್ತನೆಯ ತಿರುಳನ್ನು ಪೂರ್ತಿ ಕೆರೆದು ತೆಗೆಯಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುವ ಭಯವಿರುವುದರಿಂದ ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಅಡಿಕೆಯ ಸಿಬಿರು ಸೂಜಿಯಂತೆ ಚುಚ್ಚುತ್ತದೆ. ಆದುದರಿಂದ ಉಪ್ಪುಕಾಗದವನ್ನು ನಾರಿನ ಉದ್ದಕ್ಕೇ ಉಜ್ಜಬೇಕು. ಹೊಳಪಿಗೆ ಅಗಸೆ ಎಣ್ಣೆ ಸಾಕು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಒಣಗಿಸುವುದು ಕಡ್ಡಾಯ.

ಹಳೆಯ ತಂತಿ ಬಲ್ಬು ತಾನು ನುಂಗುವ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಕಳೆಯುತ್ತದೆ. ಮರದ ಮಗ್ಗುಲಿಗೆ ಅದು ಅಪಾಯ. 5 ವಾಟ್‌ನ ಎಲ್‌ಇಡಿ ಬಲ್ಬು 40 ವಾಟ್‌ನ ತಂತಿ ಬಲ್ಬಿನಷ್ಟು ಬೆಳಕನ್ನು ಸುಮಾರಾಗಿ ಕೊಡುತ್ತದೆ. ಅದಕ್ಕೂ ಮೇಲೆ, ಕೆಳಗೆ ಗಾಳಿಗೆ ದಾರಿ ಬೇಕು. ತಂತಿ ಹಾಯುವ ತೂತಿಗೆ ರಬ್ಬರಿನ ಬಳೆ ಹಾಕಿ, ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸುವುದೇ ಕ್ಷೇಮ. ಮಳೆ ಎರಚುವ ಕಡೆ ಈ ದೀಪ ಬೇಡ.

ಮೇಲಿನ ಗುಡ್ಡದಲ್ಲಿ ಕೊಡಲಿ ಬಿದ್ದರೆ ಮಣ್ಣು ಸಡಿಲಾಗುತ್ತದೆ, ಆ ಮಣ್ಣು ಉಕ್ಕಡಗಾತ್ರಿಯ ಮೆಟ್ಟಿಲಿಗೆ ಕೆಸರಾಗಿ ಬಂದು ಸೇರುತ್ತದೆ. ಮಲೆನಾಡು ಮತ್ತು ಬಯಲು ಒಂದೇ ಹೊಳೆಯ ಎರಡು ತುದಿಗಳು. ಕಾಡಿನ ಬೊಡ್ಡೆ ಕಾಡಿಗಿರಲಿ. ತೋಟದಲ್ಲಿ ಬಾಳಿ ಮುಗಿಸಿದ ಮರ ಜಗಲಿಯಲ್ಲಿ ಬೆಳಗಲಿ.